‘ಮೋಸ ಹೋದರು’ ಎಂಬ ಮಾತಿನ ಮೋಸ

ಕನ್ನಡದಲ್ಲಿ ಕಳ್ಳತನಕ್ಕೆ ಒಂದು ವ್ಯಾಕರಣ, ವಂಚನೆಗೆ ಇನ್ನೊಂದು. ಲೋಕಲ್ ರೈಲಿನಲ್ಲಿ ಯಾರದಾದರೂ ಜೇಬಿಗೆ ಕತ್ತರಿ ಬಿದ್ದರೆ ‘ಪರ್ಸು ಕದ್ದರು’ ಎನ್ನುತ್ತೇವೆ. ಕದ್ದವನ ಮುಖ ಯಾರೂ ಕಾಣದಿದ್ದರೂ ಕ್ರಿಯಾಪದದೊಳಗೆ ಅವನು ಸಿಕ್ಕಿಬಿದ್ದಿರುತ್ತಾನೆ. ಅದೇ ಮನುಷ್ಯನಿಗೆ ಬ್ಯಾಂಕಿನ ಹೆಸರಿನಲ್ಲಿ ಫೋನು ಮಾಡಿ ಅವನ ಕ್ರೆಡಿಟ್ ಕಾರ್ಡಿನಿಂದ ಹಣ ಎಳೆದುಕೊಂಡರೆ ನಾವು ಆಡುವ ಮಾತೇ ಬೇರೆ: ‘ಅವರು ಮೋಸ ಹೋದರು’, ‘ಟೋಪಿ ಹಾಕಿಸಿಕೊಂಡರು’, ‘ಬೇಸ್ತು ಬಿದ್ದರು’. ಹೋದವನು, ಹಾಕಿಸಿಕೊಂಡವನು, ಬಿದ್ದವನು, ಮೂರರಲ್ಲಿಯೂ ಕರ್ತೃ ಹಣ ಕಳೆದುಕೊಂಡವನೇ. ಕಳ್ಳ ವಾಕ್ಯದಿಂದಲೇ ಪರಾರಿ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ವಂಚಿಸಿದವನನ್ನು ಹಿಡಿದು ಮಾತನಾಡುತ್ತದೆ. ನಮ್ಮ ಹರಟೆ ವಂಚಿತನನ್ನು ಹಿಡಿದು ಮಾತನಾಡುತ್ತದೆ.

ಇದು ಬರಿಯ ಭಾಷಾ ವಿಚಾರವಾಗಿದ್ದರೆ ನಾಲ್ಕು ಜನ ವೈಯಾಕರಣರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಈ ಮಾತಿನಿಂದ ಹುಟ್ಟುವ ನಾಚಿಕೆ ನಮ್ಮ ನಡುವಿನ ಹಿರಿಯರ ಉಳಿತಾಯವನ್ನು ನುಂಗುತ್ತಿದೆ ಎಂಬುದು ನನ್ನ ಆಪಾದನೆ. ಆಪಾದನೆಯ ಒಂದು ಪಾಲು ಬ್ಯಾಂಕುಗಳ ಮೇಲೆ. ಇನ್ನೊಂದು ಪಾಲು ನಮ್ಮ ಮೇಲೆಯೇ, ಅಂದರೆ ಹೊರನಾಡಿನಲ್ಲಿ ಕನ್ನಡದ ಹೆಸರಿನಲ್ಲಿ ತಿಂಗಳಿಗೊಮ್ಮೆ ಕಲೆಯುವವರ ಮೇಲೆ.

ಇಂತಹ ಸುದ್ದಿ ಬಂದಾಗಲೆಲ್ಲ ಕೂಟಗಳಲ್ಲಿ ಕೇಳುವ ಮೊದಲ ಪ್ರತಿಕ್ರಿಯೆ ‘ಅತಿ ಆಸೆ ಗತಿಗೇಡು’. ಎರಡನೆಯದು ‘ಓದಿದವರಾಗಿ ಹೀಗೆ ಮಾಡುವುದೇ?’. ಎರಡೂ ವಸ್ತುಸ್ಥಿತಿಗೆ ದೂರ. ಷೇರು ಪೇಟೆಯಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವ ವಂಚನೆಗಳಲ್ಲಿ ಆಸೆಯ ಪಾತ್ರ ಇದ್ದೀತು. ಕ್ರೆಡಿಟ್ ಕಾರ್ಡಿನ ಕರೆ ಬಹುಮಟ್ಟಿಗೆ ಅಂಜಿಕೆಯ ಮೇಲೆ ನಡೆಯುತ್ತದೆ. ‘ನಿಮ್ಮ ಕಾರ್ಡಿಗೆ ವಾರ್ಷಿಕ ಶುಲ್ಕ ಬೀಳಲಿದೆ, ಬೇಡವಾದರೆ ಈಗಲೇ ರದ್ದು ಮಾಡಿಸಿಕೊಳ್ಳಿ’ ಎನ್ನುವುದು ಒಂದು ಬಗೆ. ‘ನಿಮ್ಮ ಕಾರ್ಡಿನಲ್ಲಿ ಈಗಷ್ಟೇ 49,000 ರೂಪಾಯಿಯ ಖರೀದಿ ನಡೆದಿದೆ, ಅದು ನಿಮ್ಮದೇ? ಅಲ್ಲವಾದರೆ ತಡೆಯೋಣ, ಬಂದಿರುವ ಸಂಖ್ಯೆ ಹೇಳಿ’ ಎನ್ನುವುದು ಇನ್ನೊಂದು ಬಗೆ. ಈ ಎರಡನೆಯದರ ಕ್ರೌರ್ಯವನ್ನು ಗಮನಿಸಬೇಕು. ವಂಚನೆಯಿಂದ ತಪ್ಪಿಸಿಕೊಳ್ಳಬೇಕೆಂಬ ಎಚ್ಚರವನ್ನೇ ಇಲ್ಲಿ ಬಲೆಯಾಗಿ ಹೆಣೆದಿದ್ದಾರೆ. ದಿನವೂ ಪತ್ರಿಕೆ ಓದಿ ಎಚ್ಚರವಾಗಿರುವವನೇ ಬೇಗ ಸಿಕ್ಕಿಕೊಳ್ಳುತ್ತಾನೆ. ಮಿತಿ ಹೆಚ್ಚಿಸುತ್ತೇವೆ, ರಿವಾರ್ಡ್ ಪಾಯಿಂಟುಗಳು ಇಂದು ರಾತ್ರಿ ಮುಗಿಯುತ್ತವೆ ಎಂಬ ಕರೆಗಳೂ ಇವೆ; ಅವುಗಳಲ್ಲಿಯೂ ಕೆಲಸ ಮಾಡುವುದು, ತನ್ನದೇ ಆದದ್ದು ವ್ಯರ್ಥವಾದೀತೆಂಬ ಮಧ್ಯಮ ವರ್ಗದ ಕಳವಳ. ಅದನ್ನು ಆಸೆಬುರುಕತನ ಎನ್ನುವುದು ಅನ್ಯಾಯ.

ಕರೆ ಮಾಡಿದವನು ತಾನು ಬ್ಯಾಂಕಿನವನೆಂದು ನಂಬಿಸುವ ಬಗೆಯೂ ದಡ್ಡರನ್ನು ಮಾತ್ರ ನಂಬಿಸುವಂಥದಲ್ಲ. ಅವನು ನಿಮ್ಮ ಹೆಸರು ಹೇಳುತ್ತಾನೆ, ಹುಟ್ಟಿದ ದಿನ ಹೇಳುತ್ತಾನೆ, ಬಳಿಕ ‘ನಿಮ್ಮ ಕಾರ್ಡಿನ ಮೊದಲ ಅಂಕಿಗಳನ್ನು ನಾನೇ ಓದುತ್ತೇನೆ, ಸರಿಯಿದೆಯೇ ನೋಡಿಕೊಳ್ಳಿ’ ಎನ್ನುತ್ತಾನೆ. ಸರಿಯಾಗಿಯೇ ಇರುತ್ತದೆ. ಏಕೆಂದರೆ ಕಾರ್ಡಿನ ಮೊದಲ ಆರು ಅಥವಾ ಎಂಟು ಅಂಕಿಗಳು ನಿಮ್ಮವಲ್ಲ, ಬ್ಯಾಂಕಿನವು. ವೀಸಾ ಕಾರ್ಡುಗಳೆಲ್ಲ 4ರಿಂದ, ಮಾಸ್ಟರ್‌ಕಾರ್ಡಿನವು 5 ಅಥವಾ 2ರಿಂದ ಆರಂಭವಾಗುತ್ತವೆ. ಮುಂದಿನ ಅಂಕಿಗಳು ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಎಂಬುದನ್ನು ಸೂಚಿಸುತ್ತವೆ. ಒಂದೇ ಬ್ಯಾಂಕಿನ ಒಂದೇ ಬಗೆಯ ಕಾರ್ಡುಳ್ಳ ಸಾವಿರಾರು ಜನರಿಗೆ ಅವು ಸಮಾನ. ಅಂದರೆ ಅವನು ಓದಿದ್ದು ಬೀದಿಯ ಹೆಸರು. ನಾವು ಅದನ್ನು ನಮ್ಮ ಮನೆಯ ಸಂಖ್ಯೆ ಎಂದುಕೊಳ್ಳುತ್ತೇವೆ. ಉಳಿದ ಅಂಕಿಗಳನ್ನು ‘ಪರಿಶೀಲನೆಗಾಗಿ’ ನಾವೇ ತುಂಬಿಕೊಡುತ್ತೇವೆ. ಇದನ್ನು ಯಾವ ಬ್ಯಾಂಕಾದರೂ ತನ್ನ ಗ್ರಾಹಕನಿಗೆ ಕಾರ್ಡು ಕೊಡುವಾಗ ಕೂರಿಸಿ ಹೇಳಿದ್ದುಂಟೇ?

ನಮ್ಮವರು ಬ್ಯಾಂಕಿನ ದನಿಯನ್ನು ನಂಬುವುದಕ್ಕೆ ಒಂದು ಇತಿಹಾಸವೂ ಇದೆ. ಕರಾವಳಿ ಕರ್ನಾಟಕ ಈ ದೇಶಕ್ಕೆ ಬ್ಯಾಂಕುಗಳನ್ನೇ ಹೆತ್ತುಕೊಟ್ಟ ಸೀಮೆ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತಿತ್ತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟು ಬಂದು ಕೂಡಿಸಿಕೊಂಡು ಹೋಗುತ್ತಿದ್ದ. ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ತಲೆಮಾರಿಗೆ ಈ ಬ್ಯಾಂಕುಗಳ ಕೌಂಟರು ಎಂದರೆ ತುಳುವಿನಲ್ಲೋ ಕನ್ನಡದಲ್ಲೋ ‘ಊರಿಗೆ ಯಾವಾಗ ಹೊರಟಿರಿ’ ಎಂದು ವಿಚಾರಿಸುವ ಗುಮಾಸ್ತ. ಆ ಬ್ಯಾಂಕಿನವರನ್ನು ನಂಬಿದ್ದು ಅವರ ಮೂರ್ಖತನವಲ್ಲ, ಬದುಕಿನಲ್ಲಿ ಅವರು ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲೊಂದು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಶಾಖೆಗಳು ಕೂಡಿಕೊಂಡವು, ಗುಮಾಸ್ತರು ನಿವೃತ್ತರಾದರು. ನಂಬಿಕೆ ಮಾತ್ರ ಉಳಿಯಿತು, ಅದನ್ನು ಇಡುವುದಕ್ಕೆ ಒಂದು ಮುಖವಿಲ್ಲದೆ. ಆ ಖಾಲಿ ಜಾಗದಲ್ಲಿ ಈಗ ಒಂದು ದನಿ ಬಂದು ಕುಳಿತಿದೆ.

‘ಬ್ಯಾಂಕಿನವರು ಎಂದಿಗೂ ಫೋನಿನಲ್ಲಿ ಮಾಹಿತಿ ಕೇಳುವುದಿಲ್ಲ’ ಎಂಬ ಘೋಷಣೆಯನ್ನು ಬ್ಯಾಂಕುಗಳು ಮತ್ತೆ ಮತ್ತೆ ಮೊಳಗಿಸುತ್ತವೆ. ಒಟಿಪಿ, ಪಿನ್, ಸಿವಿವಿಯ ಮಟ್ಟಿಗೆ ಅದು ನಿಜ. ಆದರೆ ಓದುಗರೇ ತಮ್ಮ ಕಳೆದ ವಾರವನ್ನು ನೆನೆದು ನೋಡಲಿ. ಕಾರ್ಡು ಮಾರಲು, ಸಾಲ ಮಾರಲು, ವಿಮೆ ಮಾರಲು ಎಷ್ಟು ಕರೆ ಬಂದವು? ಅವುಗಳಲ್ಲಿ ಎಷ್ಟು ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬಂದವು? ಅಸಲಿ ಬ್ಯಾಂಕಿನ ಅಸಲಿ ಏಜೆಂಟು ಕೂಡ ‘ದೃಢೀಕರಣಕ್ಕಾಗಿ ಜನ್ಮದಿನಾಂಕ ಹೇಳಿ’ ಎಂದು ಎಷ್ಟು ಸಲ ಕೇಳಿದ? ಕರೆ ಮಾಡಿದವನು ತಾನು ಯಾರೆಂದು ಸಾಬೀತುಪಡಿಸುವುದಿಲ್ಲ, ಕರೆ ಸ್ವೀಕರಿಸಿದವನು ಸಾಬೀತುಪಡಿಸಬೇಕು! ಈ ತಲೆಕೆಳಗಾದ ಶಿಷ್ಟಾಚಾರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದವರು ವಂಚಕರಲ್ಲ, ಬ್ಯಾಂಕುಗಳು. ವಂಚಕ ಆ ಪಾಠದ ಫಲವನ್ನು ಕೊಯ್ದುಕೊಂಡ, ಅಷ್ಟೆ. ಸೇವೆ ಮತ್ತು ವಹಿವಾಟಿನ ಕರೆಗಳನ್ನು 1600 ಸರಣಿಯ ಸಂಖ್ಯೆಗಳಿಂದಲೂ ಪ್ರಚಾರದ ಕರೆಗಳನ್ನು 140 ಸರಣಿಯಿಂದಲೂ ಮಾಡಬೇಕೆಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿದ್ದು 2025ರ ಜನವರಿಯಲ್ಲಿ. ಒಳ್ಳೆಯದು. ಆದರೆ ಅಷ್ಟರಲ್ಲಿ ಜಾಮ್ತಾರಾ ಎಂಬ ಜಾರ್ಖಂಡದ ಜಿಲ್ಲೆಯ ಹೆಸರು ಫೋನ್ ವಂಚನೆಗೆ ಪರ್ಯಾಯ ಪದವಾಗಿ, ಅದರ ಮೇಲೆ 2020ರಲ್ಲಿ ವೆಬ್ ಸರಣಿಯೂ ಬಂದು ಹೋಗಿತ್ತು.

ಇನ್ನು ಭಾಷೆಯ ಮಾತು. ಇದು ಹೊರನಾಡ ಕನ್ನಡಿಗರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ನಾನು ಕಂಡಂತೆ ಯಾರೂ ಚರ್ಚಿಸದೆ ಬಿಟ್ಟಿರುವುದು. ಕಾರ್ಡಿನ ನಿಯಮಗಳು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ಒಳ್ಳೆಯದು ಎಂಬುದು ರಿಸರ್ವ್ ಬ್ಯಾಂಕಿನ ಹಳೆಯ ಹಿತವಚನ. ಪುಣೆಯಲ್ಲಿ ಸ್ಥಳೀಯ ಭಾಷೆ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಕನ್ನಡದಲ್ಲಷ್ಟೇ ಸರಾಗವಾಗಿ ಓದಬಲ್ಲ ನಮ್ಮ ತಾಯಂದಿರು ಈ ಮೂರು ಕಂಬಗಳ ನಡುವಿನ ಸಂದಿಯಲ್ಲಿ ಜಾರಿಹೋಗುತ್ತಾರೆ. ಒಟಿಪಿಯ ಸಂದೇಶದಲ್ಲಿ ಎಷ್ಟು ಹಣ, ಯಾವ ಅಂಗಡಿಗೆ, ಯಾರಿಗೂ ಹೇಳಬೇಡಿ ಎಂಬುದೆಲ್ಲ ಇರುತ್ತದೆ, ಇಂಗ್ಲಿಷಿನಲ್ಲಿ. ಅವರಿಗೆ ಅದರಲ್ಲಿ ಕಾಣುವುದು ಆರು ಅಂಕಿಗಳು ಮಾತ್ರ. ಫೋನಿನಲ್ಲಿರುವವನು ಕೇಳುತ್ತಿರುವುದೂ ಅವನ್ನೇ.

ಹಿಂದಿಯ ಸಂಗತಿ ಇನ್ನಷ್ಟು ಸೂಕ್ಷ್ಮ. ಮಾರುಕಟ್ಟೆಗೆ, ರಿಕ್ಷಾಕ್ಕೆ, ನೆರೆಮನೆಗೆ ಸಾಲುವ ಹಿಂದಿ ನಮ್ಮವರಲ್ಲಿ ಬಹಳ ಜನಕ್ಕೆ ಇದೆ. ಒಬ್ಬ ಅಧಿಕಾರಿಯ ದನಿಯ ಎದುರು ವಾದಿಸುವುದಕ್ಕೆ, ಅನುಮಾನಿಸುವುದಕ್ಕೆ, ‘ಇಲ್ಲ’ ಎನ್ನುವುದಕ್ಕೆ ಬೇಕಾದ ಹಿಂದಿ ಬೇರೆ. ಅದು ಇಲ್ಲದವರು ಅರ್ಥವಾಗದೆಡೆಯಲ್ಲೆಲ್ಲ ಸಂಕೋಚದಿಂದ ‘ಹಾಂ ಜೀ’ ಎನ್ನುತ್ತಾರೆ. ಮೂರು ಸಲ ‘ಹಾಂ ಜೀ’ ಎಂದ ಮೇಲೆ ನಾಲ್ಕನೆಯ ಸಲ ತಡೆಯುವುದು ಯಾರಿಗೂ ಕಷ್ಟ.

ಇದಕ್ಕಿಂತ ಅಪಾಯಕಾರಿಯಾದುದು ಕನ್ನಡದಲ್ಲಿ ಬರುವ ಕರೆ. ‘ಸರ, ನೀವು ನಮ್ಮ ಕಡೇವ್ರ ಅಲ್ರೀ? ಹೆಸರು ನೋಡಿದ ಕೂಡಲೇ ಗೊತ್ತಾತ್ರೀ. ಯಾವೂರ್ರೀ ನಿಮ್ದು?’ ದೆಹಲಿಯ ಚಳಿಗಾಲದ ಒಂದು ಮಧ್ಯಾಹ್ನ, ಮಕ್ಕಳು ಕೆಲಸಕ್ಕೆ ಹೋಗಿರುವ ಮನೆಯಲ್ಲಿ, ಈ ಮಾತನ್ನು ಕೇಳಿ ಕರಗದ ಮುದುಕ ಯಾವನು? ಊರು ಯಾವುದು, ತಾಯಿಯ ತವರು ಎಲ್ಲಿ, ಮನೆತನದ ಹೆಸರೇನು, ಮಕ್ಕಳೆಷ್ಟು, ಎಲ್ಲಿದ್ದಾರೆ ಎಂದು ವಿಚಾರಿಸುವುದು ನಮ್ಮಲ್ಲಿ ಸೌಜನ್ಯ, ವಿಚಾರಿಸದಿರುವುದೇ ಬಿಗುಮಾನ. ಬ್ಯಾಂಕಿನ ಗುಪ್ತಪ್ರಶ್ನೆಗಳ ಪಟ್ಟಿಯನ್ನು ತೆಗೆದು ನೋಡಿ: ಹುಟ್ಟಿದ ಊರು, ತಾಯಿಯ ಮದುವೆಗೆ ಮುಂಚಿನ ಹೆಸರು, ಓದಿದ ಮೊದಲ ಶಾಲೆ. ನಮ್ಮ ಕುಶಲಪ್ರಶ್ನೆಗಳೇ ಅಲ್ಲಿ ಬೀಗಗಳಾಗಿ ಕುಳಿತಿವೆ. ಐದು ನಿಮಿಷದ ಆತ್ಮೀಯ ಮಾತುಕತೆಯಲ್ಲಿ ಎಲ್ಲ ಬೀಗದ ಕೈಗಳೂ ಕೈಬದಲಾಗುತ್ತವೆ. ಹೊರನಾಡಿನಲ್ಲಿ ಕನ್ನಡ ಕೇಳಿದರೆ ಬಾಗಿಲು ತೆರೆಯಬೇಕೆಂದು ನಾವೇ ಕಲಿಸಿದ್ದೇವೆ, ನಮ್ಮ ವೇದಿಕೆಗಳೆಲ್ಲ ನಿಂತಿರುವುದು ಆ ಭಾವನೆಯ ಮೇಲೆಯೇ. ಹಾಗಿರುವಾಗ ಆ ಬಾಗಿಲಿನಿಂದ ಕಳ್ಳ ಬಂದದ್ದಕ್ಕೆ ಬಾಗಿಲು ತೆರೆದವರನ್ನು ಗೇಲಿ ಮಾಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಈ ಗೇಲಿಯ ಬೆಲೆ ಎಷ್ಟೆಂಬುದನ್ನು ಒಂದು ಪ್ರಕರಣದಿಂದ ಲೆಕ್ಕ ಹಾಕಬಹುದು. ನನ್ನ ಪರಿಚಿತರಾದ ಹಿರಿಯ ಅಧ್ಯಾಪಕರೊಬ್ಬರಿಗೆ ಒಂದು ಶುಕ್ರವಾರ ಸಂಜೆ ಇಂತಹ ಕರೆ ಬಂತು. ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರು ಅಂಕಿ, ಒಟಿಪಿ ಎಲ್ಲ ಕೊಟ್ಟಾದ ಮೇಲೆ 18,600 ರೂಪಾಯಿ ಹೋಯಿತೆಂಬ ಸಂದೇಶ ಬಂತು. ಹತ್ತು ನಿಮಿಷದೊಳಗೆ ಅವರಿಗೆ ಎಲ್ಲವೂ ಅರ್ಥವಾಗಿತ್ತು. ಆದರೂ ಅವರು ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳಿದರೆ ಏನೆಂದಾನು, ಕೂಟದಲ್ಲಿ ತಿಳಿದರೆ ಏನೆಂದಾರು. ಪಿಂಚಣಿಯಿಂದ ಎರಡು ತಿಂಗಳಲ್ಲಿ ತೀರಿಸಿಬಿಟ್ಟರಾಯಿತು ಎಂದುಕೊಂಡರು. ಕಾರ್ಡನ್ನು ನಿಲ್ಲಿಸಬೇಕೆಂಬುದು ಆ ಸಂಕಟದಲ್ಲಿ ಹೊಳೆಯಲೂ ಇಲ್ಲ. ಭಾನುವಾರ ವಿದೇಶಿ ಜಾಲತಾಣವೊಂದರಲ್ಲಿ ಇನ್ನೂ 41,000 ರೂಪಾಯಿ ಹೋಯಿತು, ಈ ಸಲ ಒಟಿಪಿಯೇ ಇಲ್ಲದೆ. ಅನೇಕ ವಿದೇಶಿ ತಾಣಗಳಲ್ಲಿ ಕಾರ್ಡಿನ ಸಂಖ್ಯೆ, ಅವಧಿ ಮತ್ತು ಆ ಮೂರು ಅಂಕಿಗಳಿದ್ದರೆ ಸಾಕು. ಮಗನಿಗೆ ತಿಳಿದದ್ದು ಮಂಗಳವಾರ. ಬ್ಯಾಂಕು ಎರಡೂ ಮೊತ್ತಕ್ಕೆ ಅವರನ್ನೇ ಹೊಣೆ ಮಾಡಿತು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹಾಕಿಕೊಟ್ಟ ಚೌಕಟ್ಟಿನಲ್ಲಿ, ಗ್ರಾಹಕ ತಾನೇ ಗುಟ್ಟಿನ ವಿವರ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದು. ದೂರು ಕೊಟ್ಟ ಕ್ಷಣದಿಂದ ಮುಂದೆ ಆಗುವ ನಷ್ಟ ಬ್ಯಾಂಕಿನದು. ಶುಕ್ರವಾರ ಸಂಜೆಯೇ ಅವರು ಬಾಯಿಬಿಟ್ಟಿದ್ದರೆ ಭಾನುವಾರದ 41,000 ರೂಪಾಯಿ ಅವರ ತಲೆಯ ಮೇಲೆ ಬರುತ್ತಲೇ ಇರಲಿಲ್ಲ. ಮೊದಲನೆಯ ಮೊತ್ತವನ್ನು ತೆಗೆದುಕೊಂಡವನು ಫೋನಿನ ಕಳ್ಳ. ಎರಡನೆಯದನ್ನು ಅವನಿಗೆ ಕೊಡಿಸಿದ್ದು ‘ಓದಿದವರಾಗಿ ಹೀಗೆ ಮಾಡುವುದೇ’ ಎಂಬ ನಮ್ಮ ಮಾತು.

ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮಧ್ಯದಲ್ಲೆಲ್ಲೋ ಮಾಹಿತಿ ಸೋರಿದೆ ಎನ್ನುವ ಪ್ರಕರಣಗಳಲ್ಲಿ ಅದೇ ಸುತ್ತೋಲೆ ಇನ್ನೂ ಉದಾರ. ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಐದು ಲಕ್ಷದವರೆಗೆ ಮಿತಿಯುಳ್ಳ ಕ್ರೆಡಿಟ್ ಕಾರ್ಡಿನಲ್ಲಿ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿನ ಕಾರ್ಡಿನಲ್ಲಿ 25,000. ಅದರಾಚೆಗೆ ಆಯಾ ಬ್ಯಾಂಕಿನ ನೀತಿ. ಗ್ರಾಹಕ ಹೊಣೆಗಾರನೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲೆಯೇ ಇದೆ. 90 ದಿನಗಳೊಳಗೆ ತೀರ್ಮಾನವಾಗಬೇಕು. 2022ರ ಕಾರ್ಡು ನಿರ್ದೇಶನಗಳ ಪ್ರಕಾರ ‘ಇದು ವಂಚನೆ’ ಎಂದು ಗ್ರಾಹಕ ತಕರಾರು ಎತ್ತಿದ ಮೊತ್ತದ ಮೇಲೆ ವಿವಾದ ಬಗೆಹರಿಯುವವರೆಗೆ ಶುಲ್ಕ ಹೇರುವಂತಿಲ್ಲ. ಎಷ್ಟೋ ಜನ ಬಡ್ಡಿಗೆ ಹೆದರಿ, ಸಿಬಿಲ್ ಅಂಕಕ್ಕೆ ಹೆದರಿ, ತಮ್ಮದಲ್ಲದ ಬಿಲ್ಲನ್ನು ಸದ್ದಿಲ್ಲದೆ ಕಟ್ಟಿಬಿಡುತ್ತಾರೆ. ಈ ನಿಯಮಗಳು ‘ಎಚ್ಚರವಿರಿ’ ಎನ್ನುವ ಜಾಹೀರಾತಿನಷ್ಟು ದೊಡ್ಡ ಅಕ್ಷರಗಳಲ್ಲಿ ನಿಮ್ಮ ಕಣ್ಣಿಗೆ ಎಂದಾದರೂ ಬಿದ್ದಿವೆಯೇ? ಗ್ರಾಹಕನ ಕರ್ತವ್ಯಕ್ಕೆ ಡಂಗುರ, ಹಕ್ಕಿಗೆ ಅಡಿಟಿಪ್ಪಣಿ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಒಟಿಪಿ ಎಂಬುದು ಕೀಲಿಕೈ. ಅದನ್ನು ಅಪರಿಚಿತನಿಗೆ ಕೊಟ್ಟವನದು ಅಜಾಗರೂಕತೆಯಲ್ಲವೇ, ಅದನ್ನು ಹಾಗೆಂದು ಕರೆಯದಿದ್ದರೆ ಜನ ಕಲಿಯುವುದು ಹೇಗೆ, ಎಂದು ಕೇಳುವವರಿದ್ದಾರೆ. ಅಜಾಗರೂಕತೆ ಹೌದು. ಬಾಗಿಲಿಗೆ ಅಗುಳಿ ಹಾಕದೆ ಮಲಗಿದವನದೂ ಅಜಾಗರೂಕತೆಯೇ. ಆದರೆ ಆ ಮನೆ ಕಳವಾದಾಗ ನಾವು ಪೊಲೀಸರನ್ನು ಕರೆಯುತ್ತೇವೆ, ಮನೆಯವನ ಬುದ್ಧಿಮತ್ತೆಯ ವಿಚಾರಣೆ ನಡೆಸುವುದಿಲ್ಲ. ಜನ ಕಲಿಯುವುದು ನಡೆದದ್ದನ್ನು ನಡೆದಂತೆ ಕೇಳಿದಾಗ. ನಾಚಿಕೆಪಟ್ಟು ಮುಚ್ಚಿಟ್ಟ ಕಥೆಯಿಂದ ಯಾರೂ ಏನನ್ನೂ ಕಲಿತಿಲ್ಲ.

ಹಾಗಾದರೆ ಕರೆ ಬಂದಾಗ ಮಾಡುವುದೇನು? ನಲವತ್ತು ಬಗೆಯ ವಂಚನೆಗಳನ್ನು ಕಂಠಪಾಠ ಮಾಡಬೇಕಿಲ್ಲ (ರಿಸರ್ವ್ ಬ್ಯಾಂಕೇ ‘ರಾಜು ಮತ್ತು ನಲವತ್ತು ಕಳ್ಳರು’ ಎಂಬ ಸಚಿತ್ರ ಪುಸ್ತಿಕೆ ತಂದಿದೆ, ಬಿಡುವಿದ್ದಾಗ ನೋಡಬಹುದು). ಹಣ ಬರುವುದಕ್ಕೂ, ಆದ ಖರೀದಿ ರದ್ದಾಗುವುದಕ್ಕೂ, ಶುಲ್ಕ ತಪ್ಪುವುದಕ್ಕೂ ಫೋನಿನಲ್ಲಿ ಯಾರಿಗೂ ಒಟಿಪಿ ಹೇಳಬೇಕಿಲ್ಲ. ಕೇಳಿದ ಕೂಡಲೇ ಕರೆ ಕತ್ತರಿಸಬೇಕು. ನಡುಮಾತಿನಲ್ಲಿ ಫೋನು ಇಡುವುದು ಅಸಭ್ಯವೆಂದು ಬೆಳೆದ ನಮ್ಮವರಿಗೆ ಇದೊಂದೇ ನಿಜವಾಗಿ ಕಷ್ಟದ ಪಾಠ. ಆಮೇಲೆ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸಬೇಕು. ಆ ಸಂಖ್ಯೆಯನ್ನು ಗೂಗಲಿನಲ್ಲಿ ಹುಡುಕಬಾರದು. ವಂಚಕರು ಅಲ್ಲಿಯೂ ತಮ್ಮ ಸಂಖ್ಯೆಯನ್ನು ನೆಟ್ಟಿರುತ್ತಾರೆ. ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು, ಪರದೆ ಹಂಚಿಕೊಳ್ಳುವ ಆ್ಯಪನ್ನು ಯಾರು ಹೇಳಿದರೂ ಹಾಕಿಕೊಳ್ಳಬಾರದು. ಅವು ಬಂದ ಮೇಲೆ ಒಟಿಪಿಯನ್ನು ನೀವು ಹೇಳುವ ಅಗತ್ಯವೂ ಇರುವುದಿಲ್ಲ, ಅವನೇ ಓದಿಕೊಳ್ಳುತ್ತಾನೆ. ಇನ್ನು ವಿದೇಶಿ ವಹಿವಾಟಿನ ಬಾಗಿಲು: 2020ರಿಂದ ಪ್ರತಿ ಕಾರ್ಡಿನಲ್ಲಿಯೂ ಆನ್‌ಲೈನ್, ವಿದೇಶಿ, ಸ್ಪರ್ಶರಹಿತ ವಹಿವಾಟುಗಳನ್ನು ಬೇಕೆಂದಾಗ ತೆರೆಯುವ, ಬೇಡವೆಂದಾಗ ಮುಚ್ಚುವ ಸೌಲಭ್ಯ ಇರಲೇಬೇಕೆಂದು ನಿಯಮವಾಗಿದೆ. ತಾಯ್ತಂದೆಯರ ಕಾರ್ಡಿನಲ್ಲಿ ವಿದೇಶಿ ವಹಿವಾಟು ಏಕೆ ತೆರೆದಿರಬೇಕು? ಮಕ್ಕಳಾದವರು ಇಂದು ಸಂಜೆ ಹತ್ತು ನಿಮಿಷ ಕುಳಿತು ಅದನ್ನು ಮುಚ್ಚಿ, ಆನ್‌ಲೈನ್ ಮಿತಿಯನ್ನು ಇಳಿಸಿಕೊಟ್ಟರೆ ಅದು ನೂರು ಉಪದೇಶಕ್ಕಿಂತ ಹೆಚ್ಚಿನ ಸೇವೆ.

ಹಣ ಹೋಗಿಬಿಟ್ಟರೆ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ ದೂರಿನ ಸಂಖ್ಯೆ ಬರೆದುಕೊಳ್ಳುವುದು, ಕೂಡಲೇ 1930ಕ್ಕೆ ಕರೆ ಮಾಡುವುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಹಿಡಿಯುವ ವ್ಯವಸ್ಥೆ 1930ರಲ್ಲಿದೆ. ಆದ್ದರಿಂದ ಅಲ್ಲಿ ಗಂಟೆಗಳದೇ ಲೆಕ್ಕ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಅದರ ಸಹಾಯವಾಣಿ 14448ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ದೆಹಲಿಯಲ್ಲಿ ಕುಳಿತ ಕನ್ನಡಿಗನಿಗೆ ಹಣದ ವಿಷಯದಲ್ಲಿ ತನ್ನ ನುಡಿಯಲ್ಲಿ ಉತ್ತರ ಕೊಡುವ ಸರಕಾರಿ ದನಿ ಒಂದಿದೆ ಎಂಬುದನ್ನು ನಮ್ಮ ಯಾವ ಸಭೆಯಲ್ಲಿಯೂ ನಾನು ಕೇಳಿಲ್ಲ.

1930ರ ಕತೆ ಹಾಗಲ್ಲ. ಆ ಕರೆಯನ್ನು ಆಯಾ ರಾಜ್ಯದ ಪೊಲೀಸರು ಸ್ವೀಕರಿಸುತ್ತಾರೆ. ಚೆನ್ನೈಯಲ್ಲಿ ತಮಿಳು ಬಾರದ, ಮುಂಬಯಿಯಲ್ಲಿ ಮರಾಠಿ ಸರಾಗವಿಲ್ಲದ ಹಿರಿಯರು ಕೈನಡುಗುತ್ತಿರುವ ಆ ಹೊತ್ತಿನಲ್ಲಿ ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಎಲ್ಲವನ್ನೂ ವಿವರಿಸಬೇಕು. ಅವರ ಪಕ್ಕದಲ್ಲಿ ಕುಳಿತು ಮಾತನಾಡಬಲ್ಲ ಒಬ್ಬರು ಬೇಕು, ಮೂರು ದಿನಗಳ ಅನಂತರವಲ್ಲ, ಆ ಸಂಜೆಯೇ. ಇದು ಬ್ಯಾಂಕಿನಿಂದ ಆಗುವ ಕೆಲಸವಲ್ಲ, ಕನ್ನಡ ಸಂಘಗಳಿಂದ ಆಗಬಹುದಾದ ಕೆಲಸ. ಮಾಟುಂಗಾದಿಂದ ರಾಮಕೃಷ್ಣಪುರದವರೆಗೆ ನಮಗೆ ಸಭಾಂಗಣಗಳಿವೆ, ಕಾರ್ಯಕಾರಿ ಸಮಿತಿಗಳಿವೆ, ಕವಿಗೋಷ್ಠಿಗೆ ಸಂಚಾಲಕರಿದ್ದಾರೆ, ಊಟದ ಉಸ್ತುವಾರಿಗೆ ಬೇರೆ ಸಂಚಾಲಕರಿದ್ದಾರೆ. ಸ್ಥಳೀಯ ಭಾಷೆಯೂ ಕನ್ನಡವೂ ಬಲ್ಲ ಇಬ್ಬರು ಯುವ ಸದಸ್ಯರನ್ನು ಇದಕ್ಕಾಗಿ ಗೊತ್ತುಮಾಡುವುದಕ್ಕೆ ನಿಧಿ ಸಂಗ್ರಹವೂ ಬೇಡ, ಅಧ್ಯಕ್ಷೀಯ ಭಾಷಣವೂ ಬೇಡ. ಮುಂದಿನ ತಿಂಗಳ ಆಹ್ವಾನಪತ್ರಿಕೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ದ ಕೆಳಗೆ ಆ ಇಬ್ಬರ ದೂರವಾಣಿ ಸಂಖ್ಯೆಗಳನ್ನು, ಜೊತೆಗೆ 1930 ಮತ್ತು 14448ನ್ನು, ಹಿರಿಯರ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಲಿ.